ಕುಂಬಾರನಿಗೆ ವರುಷ, ವೀಕೆಂಡಿಗೆ ಎರಡು ಗಂಟೆ

"ಮೇಡಂ, ಟೀಮ್ ಔಟಿಂಗ್‌ಗೆ ಹದಿನೈದು ಜನ ಬರ್ತೀವಿ. ಎರಡು ಗಂಟೇಲಿ ಒಂದೊಂದು ಮಗ್ ಆಗುತ್ತಲ್ವಾ?"

ಆಗಲ್ಲ ಅಂದೆ. ಬೇರೆ ಸ್ಟುಡಿಯೋದವರು ಆಗುತ್ತೆ ಅಂದ್ರಲ್ಲ ಅಂದರು. ಹೌದು, ಮೂರು ವರ್ಷ ನಾನೂ ಆಗುತ್ತೆ ಅಂತ ಹೇಳಿಯೇ ದುಡ್ಡು ತಗೊಂಡಿದ್ದೆ.

ಅದು ಹೇಗೆ ಆಗುತ್ತೆ ಗೊತ್ತಾ? ನೀವು ತಿಗರಿ ಮುಂದೆ ಕೂರ್ತೀರಿ. ನಿಮ್ಮ ಕೈ ಮೇಲೆ ನನ್ನ ಕೈ. ಮಗ್ ಎಬ್ಬಿಸೋದು ನಾನು, ಫೋಟೋದಲ್ಲಿ ನಗೋದು ನೀವು. ನೀವು ಹೋದ ಮೇಲೆ ತಳ ಕೆತ್ತಿ, ಹಿಡಿಕೆ ಅಂಟಿಸಿ, ಒಣಗಿಸಿ, ಸುಮಾರು 1000 ಡಿಗ್ರಿಯಲ್ಲಿ ಒಮ್ಮೆ ಸುಟ್ಟು, ಗ್ಲೇಜ್ ಹಚ್ಚಿ, 1200 ದಾಟಿಸಿ ಇನ್ನೊಮ್ಮೆ ಸುಡೋದೂ ನಾನೇ. ಮೂರು ವಾರದ ನಂತರ ಕೊರಿಯರ್‌ನಲ್ಲಿ ಬಂದಿದ್ದಕ್ಕೆ "ನಾನೇ ಮಾಡಿದ್ದು" ಅಂತ ಸ್ಟೇಟಸ್ ಹಾಕೋದು ಮಾತ್ರ ನೀವು.

ಮಣ್ಣು ಅಂದ್ರೆ ಥೆರಪಿಯಂತೆ! ನಾನು ಪೇಂಟಿಂಗ್ ಓದಿದವಳು. ಪುದುಚೇರಿಗೆ ಹೋದಾಗ, 1971ರಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ ಶುರುಮಾಡಿದ ಗೋಲ್ಡನ್ ಬ್ರಿಡ್ಜ್ ಪಾಟರಿಯ ಒಂದು ಬಟ್ಟಲು ಕೈಗೆ ಸಿಕ್ಕಿತು. ಗೋಡೆಗೆ ನೇತುಹಾಕಿ ದೂರದಿಂದ ನೋಡುವ ಕಲೆಯೇ ಗೊತ್ತಿದ್ದ ನನಗೆ, ಅಂಗೈಯಲ್ಲಿ ಕೂರುವ ಕಲೆ ಅದೇ ಮೊದಲು. ಕಲಿಯೋಕೆ ಕೂತೆ. ಮಣ್ಣಿನ ಮುದ್ದೆಯನ್ನ ತಿಗರಿಯ ನಟ್ಟನಡುವೆ ಅಲುಗಾಡದಂತೆ ನಿಲ್ಲಿಸೋಕೇ ಐದು ತಿಂಗಳು ಹಿಡಿಯಿತು. ಒಳಗೆ ಪಸೆ ಉಳಿದಿದ್ದ ಒಂದು ಹೂದಾನಿ ಸುಡುವಾಗ ಸಿಡಿದು, ಪಕ್ಕದ ಹನ್ನೊಂದನ್ನೂ ತಗೊಂಡು ಹೋಯಿತು. ಅವತ್ತು ಅತ್ತಿದ್ದೀನಿ. ಅದಕ್ಕೆ ಥೆರಪಿ ಅನ್ನಬಹುದಾದರೆ ಅನ್ನಿ.

ಆದರೆ ಸ್ಟುಡಿಯೋ ತೆರೆದಾಗ ಬಾಡಿಗೆ ಕಟ್ಟಬೇಕಿತ್ತಲ್ಲ, ಎರಡು ಗಂಟೆಯ ಪ್ಯಾಕೇಜ್ ಮಾರಿದೆ. ಒಂದು ದಿನ ಹಳೇ ವರ್ಕ್‌ಶಾಪ್‌ನವರೊಬ್ಬರು ಬಂದು ನನ್ನ ಮಗ್ ಎತ್ತಿ ನೋಡಿದರು. "ಇದಕ್ಕೆ 900 ರೂಪಾಯಾ? ನಾನೇ ಎರಡು ಗಂಟೇಲಿ ಮಾಡಿದ್ನಲ್ಲ!"

ನಾನು ಮಾರಿದ ಸುಳ್ಳು ನನಗೇ ವಾಪಸ್ ಬಂದಿತ್ತು.

"ಜನ ಎರಡು ಗಂಟೆ ಖುಷಿಪಟ್ಟರೆ ನಿನಗೇನಮ್ಮ ನಷ್ಟ?" ಅಂತೀರಿ. ನನಗೆ ಅಷ್ಟೇನಿಲ್ಲ ಬಿಡಿ. ನನಗೆ ಇಂಗ್ಲಿಷ್ ಇದೆ, ಇನ್‌ಸ್ಟಾಗ್ರಾಮ್ ಇದೆ, "ಪ್ಯಾಶನ್ ಫಾಲೋ ಮಾಡಿದ ಹುಡುಗಿ" ಅನ್ನೋ ಬಿರುದಿದೆ. ಬೆನ್ಸನ್ ಟೌನ್ ಪಕ್ಕದ ಪಾಟರಿ ಟೌನ್‌ನಲ್ಲಿ ತಲೆಮಾರುಗಳಿಂದ ಮಣ್ಣು ತುಳಿಯುತ್ತಿರುವ ಮನೆಗಳಿವೆ. "ನಿಮ್ಮ ಜರ್ನಿ ಹೇಳಿ" ಅಂತ ಅವರ ಮುಂದೆ ಮೈಕ್ ಹಿಡಿದವರೆಷ್ಟು ಜನ? ಅದೇ ಮಣ್ಣು, ಅದೇ ತಿಗರಿ. ಅವರು ಕುಂಬಾರರು, ನಾನು ಸೆರಾಮಿಕ್ ಆರ್ಟಿಸ್ಟ್. ಈ ಎರಡು ಹೆಸರುಗಳ ನಡುವೆ ಜಾತಿ ಕೂತಿದೆ ಅಂದರೆ ಬೇಜಾರು ಮಾಡ್ಕೋಬೇಡಿ. ಮಣ್ಣಿನ ಕೆಲಸ ಎರಡು ಗಂಟೆಯ ಆಟ ಅಂತ ನನ್ನ ಸ್ಟುಡಿಯೋದಲ್ಲಿ ಕಲಿತವರು, ಫುಟ್‌ಪಾತ್‌ನಲ್ಲಿ ಮಡಕೆ ಇಟ್ಟು ಕೂತ ಅಜ್ಜಿಯ ಹತ್ತಿರ ಹೇಗೆ ಚೌಕಾಸಿ ಮಾಡ್ತಾರೆ ಯೋಚಿಸಿ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಆ ದೊಣ್ಣೆ ಮೂರು ವರ್ಷ ನನ್ನ ಕೈಯಲ್ಲೇ ಇತ್ತು.

ಈಗ ಎರಡು ಗಂಟೆಯ ಪ್ಯಾಕೇಜ್ ನಿಲ್ಲಿಸಿದ್ದೀನಿ. ಎಂಟು ಭಾನುವಾರ ಬರಬೇಕು. ಮೊದಲ ಮೂರು ವಾರ ಮನೆಗೆ ಏನೂ ತಗೊಂಡು ಹೋಗಲ್ಲ. ಕೆಟ್ಟಿದ್ದನ್ನ ನೀವೇ ಬಕೆಟ್‌ನಲ್ಲಿ ನೆನೆಸಿ, ಮತ್ತೆ ನಾದಬೇಕು. ಹದಿನೈದು ಜನ ಬರುತ್ತಿದ್ದ ಕಡೆ ನಾಲ್ಕು ಜನ ಇದ್ದಾರೆ. ಹೋದ ತಿಂಗಳ ಬಾಡಿಗೆಯ ಅರ್ಧ ನನ್ನ ಉಳಿತಾಯದಿಂದ ಹೋಯಿತು. ಎಷ್ಟು ದಿನ ನಡೆಯುತ್ತೋ ನೋಡೋಣ.

ಪುರುಸೊತ್ತಿದ್ದರೆ ಬನ್ನಿ. ಇಲ್ಲದಿದ್ದರೂ ಪರವಾಗಿಲ್ಲ, ಈ ದೀಪಾವಳಿಗೆ ಹಣತೆ ಕೊಳ್ಳುವಾಗ ಕೇಳಿದಷ್ಟು ಕೊಟ್ಟು ಬನ್ನಿ.