ಹಿಂದಿನ ಬೆಂಚಿನಿಂದ ಬಂದ ಪ್ರಶ್ನೆ

ನಮ್ಮ ಎಂಜಿನಿಯರಿಂಗ್ ಕ್ಲಾಸಿನಲ್ಲಿ ‘ಲಾಸ್ಟ್ ಬೆಂಚ್’ ಎಂದರೆ ಅಟೆಂಡೆನ್ಸ್‌ಗಾಗಿ ಬಂದು ಕೂತವರು ಎಂದೇ ಲೆಕ್ಕ. ಸಂಸತ್ತಿನ ಹಿಂದಿನ ಸಾಲಿನವರ ಬಗ್ಗೆಯೂ ನಮ್ಮ ಅಭಿಪ್ರಾಯ ಹೆಚ್ಚುಕಡಿಮೆ ಇದೇ. ಮೊನ್ನೆ ಹಾಸ್ಟೆಲ್ ಮೆಸ್‌ನಲ್ಲಿ ಟಿ.ವಿ. ನೋಡುತ್ತಿದ್ದ ಗೆಳೆಯನೊಬ್ಬ, ‘ಮಂತ್ರಿ ಆಗದಿದ್ದರೆ ಎಂಪಿ ಆಗಿ ಏನು ಉಪಯೋಗ ಮಾರಾಯ? ಪಕ್ಷ ಹೇಳಿದಾಗ ಕೈ ಎತ್ತಬೇಕು, ಅಷ್ಟೇ’ ಎಂದ. ಆಗ ನನ್ನ ಬಳಿ ಉತ್ತರವಿರಲಿಲ್ಲ. ಆಮೇಲೆ ಓದುತ್ತಾ ಹೋದಾಗ ಸಿಕ್ಕ ಉತ್ತರ ಫಿರೋಜ್ ಗಾಂಧಿ.

ಅವರು ಇಂದಿರಾ ಗಾಂಧಿಯವರ ಪತಿ ಎಂಬುದಷ್ಟೇ ನನಗೆ ಗೊತ್ತಿತ್ತು. ರಾಯ್‌ಬರೇಲಿಯ ಸಂಸದರಾಗಿದ್ದ ಅವರು ಎಂದೂ ಮಂತ್ರಿಯಾಗಲಿಲ್ಲ. 1955ರ ಡಿಸೆಂಬರ್‌ನಲ್ಲಿ, ಖಾಸಗಿ ವಿಮಾ ಕಂಪನಿಯಲ್ಲಿ ಪಾಲಿಸಿದಾರರ ಹಣ ಹೇಗೆ ದುರ್ಬಳಕೆಯಾಗುತ್ತಿದೆ ಎಂಬುದನ್ನು ಲೋಕಸಭೆಯಲ್ಲಿ ಬಿಚ್ಚಿಟ್ಟರು. ಮರುತಿಂಗಳೇ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ಜೀವವಿಮಾ ವ್ಯವಹಾರವನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡಿತು. 1956ರ ಸೆಪ್ಟೆಂಬರ್ 1ರಂದು ಎಲ್‌ಐಸಿ ಹುಟ್ಟಿತು. ರಾಷ್ಟ್ರೀಕರಣಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಅದಕ್ಕೆ ನೆಲ ಹದ ಮಾಡಿದ್ದರಲ್ಲಿ ಆ ಭಾಷಣದ ಪಾಲು ದೊಡ್ಡದು.

ಇನ್ನು ಎಲ್ಲ ಸರಿಹೋಯಿತು ಎಂದು ಅವರು ಸುಮ್ಮನಾಗಲಿಲ್ಲ. ಉದ್ಯಮಿ ಹರಿದಾಸ್ ಮುಂಧ್ರಾ ಅವರ ಆರು ಕಂಪನಿಗಳ ಷೇರುಗಳಿಗೆ ಅದೇ ಎಲ್‌ಐಸಿ ಸುಮಾರು 1.24 ಕೋಟಿ ರೂಪಾಯಿ ಸುರಿದಾಗ, 1957ರ ಡಿಸೆಂಬರ್‌ನಲ್ಲಿ ಸದನದಲ್ಲಿ ಅದರ ಲೆಕ್ಕ ಕೇಳಿದರು. ಪ್ರಧಾನಿ ನೆಹರೂ ಅವರ ಮಾವ. ಸರ್ಕಾರ ಅವರದೇ ಪಕ್ಷದ್ದು. ಆದರೂ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರಿಂದ ಬಹಿರಂಗ ವಿಚಾರಣೆ ನಡೆಯಿತು, 1958ರಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಡಬೇಕಾಯಿತು.

‘ಪ್ರಧಾನಿಯ ಅಳಿಯ, ಅದಕ್ಕೇ ಅಷ್ಟು ಧೈರ್ಯ’ ಎಂದು ಗೆಳೆಯ ಮತ್ತೆ ಕೊಂಕು ತೆಗೆದ. ಇರಬಹುದು. ಆದರೆ ಸಂಬಂಧ ನೋಡಿ ಯಾವ ಸಚಿವರೂ ರಾಜೀನಾಮೆ ಕೊಡುವುದಿಲ್ಲ. ಅಲ್ಲಿ ಕೆಲಸ ಮಾಡಿದ್ದು ಕೂತು ಓದಿ ಸಿದ್ಧಪಡಿಸಿಕೊಂಡ ಅಂಕಿಅಂಶ. ಜತೆಗೆ, ಸಂಸತ್ತಿನ ಕಲಾಪವನ್ನು ಯಥಾವತ್ತಾಗಿ ವರದಿ ಮಾಡುವ ಪತ್ರಿಕೆಗಳಿಗೆ ರಕ್ಷಣೆ ಕೊಡುವ 1956ರ ಕಾಯ್ದೆಯೂ ಅವರದೇ ಖಾಸಗಿ ಮಸೂದೆಯ ಫಲ. ತುರ್ತು ಪರಿಸ್ಥಿತಿಯಲ್ಲಿ ಅವರ ಪತ್ನಿಯ ಸರ್ಕಾರವೇ ಅದನ್ನು ರದ್ದು ಮಾಡಿತು. 1977ರಲ್ಲಿ ಅದು ಮರಳಿ ಬಂತು.

ಇಂದು ದಾರಿ ಇನ್ನಷ್ಟು ಕಿರಿದಾಗಿದೆ, ನಿಜ. 1985ರ ಪಕ್ಷಾಂತರ ನಿಷೇಧ ಕಾನೂನಿನ ನಂತರ ವಿಪ್ ಮೀರಿ ಮತ ಹಾಕಿದರೆ ಸದಸ್ಯತ್ವಕ್ಕೇ ಕುತ್ತು. ಸ್ವಾತಂತ್ರ್ಯಾನಂತರ ಕಾನೂನಾದ ಖಾಸಗಿ ಸದಸ್ಯರ ಮಸೂದೆಗಳು ಕೇವಲ 14, ಕೊನೆಯದು 1970ರಲ್ಲಿ. ಆದರೆ ವಿಪ್ ಕಟ್ಟಿಹಾಕುವುದು ಮತವನ್ನು. ಪ್ರಶ್ನೆ ಕೇಳಬೇಡಿ, ಓದಿಕೊಂಡು ಬರಬೇಡಿ ಎಂದು ಆ ಕಾನೂನು ಎಲ್ಲೂ ಹೇಳಿಲ್ಲ.

ತಪ್ಪು ನಮ್ಮದೂ ಇದೆ. ಪಂಚಾಯಿತಿ ಮಾಡಬೇಕಾದ ಚರಂಡಿ, ಬೀದಿದೀಪದ ಕೆಲಸವನ್ನು ನಾವು ಎಂಪಿ ಬಳಿ ಕೇಳುತ್ತೇವೆ. ಮದುವೆಗೆ ಬಂದರೆ ‘ಒಳ್ಳೆಯವರು’ ಎನ್ನುತ್ತೇವೆ. ಮೊದಲ ಬಾರಿ ಮತ ಹಾಕುವಾಗ ನಾನೂ ಪಕ್ಷದ ಚಿಹ್ನೆ ನೋಡಿದೆನೇ ಹೊರತು, ಅಭ್ಯರ್ಥಿ ದೆಹಲಿಯಲ್ಲಿ ಏನು ಮಾತನಾಡಿಯಾರು ಎಂದು ಯೋಚಿಸಿರಲಿಲ್ಲ.

ನಮ್ಮಮ್ಮ ಇವತ್ತಿಗೂ ಎಲ್‌ಐಸಿ ಕಂತನ್ನು ತಪ್ಪದೆ ಕಟ್ಟುತ್ತಾರೆ. ಅಂಥ ಲಕ್ಷಾಂತರ ತಾಯಂದಿರ ಹಣದ ಲೆಕ್ಕವನ್ನು ಒಬ್ಬ ಸದಸ್ಯ ಅಂದು ಎದ್ದು ನಿಂತು ಕೇಳಿದ್ದರು. ನಮ್ಮ ಸಂಸದರು ಕೇಳಿದ ಪ್ರಶ್ನೆಗಳು ಲೋಕಸಭೆಯ ಜಾಲತಾಣದಲ್ಲಿ ಯಾರಿಗಾದರೂ ಸಿಗುತ್ತವೆ. ಕಳೆದ ವಾರ ನಾನು ಅವನ್ನು ಓದಲು ಶುರುಮಾಡಿದ್ದೇನೆ. ಮುಂದಿನ ಚುನಾವಣೆಗೆ ಮೊದಲು ನೀವೂ ಒಮ್ಮೆ ಓದಿ ನೋಡಿ.