ಡಬ್ಬಿಯ ತಳದ ಹಿಟ್ಟು



ಭಾಲ್ಕಿಯ ತಂಗಿಯೊಬ್ಬಳು ಕಾಗದ ಬರೆದಿದ್ದಾಳೆ. “ಅಕ್ಕಾ, ಬಾಗಿಲಿಗೆ ಬಂದವರನ್ನ ಬರಿಗೈಲಿ ಕಳಸಬಾರದು, ಕೊಟ್ಟವರಿಗೆ ದೇವರು ಕೊಡ್ತಾನ ಅಂತಾರ ನಮ್ಮ ಅತ್ತಿಯವರು. ತಿಂಗಳ ಕೊನೀಗೆ ಹಿಟ್ಟಿನ ಡಬ್ಬಿ ತಳ ಕಂಡಾಗ ನನಗ ಧೈರ್ಯ ಆಗೂದಿಲ್ಲ. ಖರೇನೆ ಕೊಡ್ತಾನೇನ್ರಿ?”

ಥಟ್ಟನೆ ‘ಹೌದು’ ಎಂದು ಬರೆದುಬಿಡಬಹುದು. ಆದರೆ ತಳ ಕಂಡ ಡಬ್ಬಿಯನ್ನು ನಾನೂ ನೋಡಿದವಳೇ.

1972ರ ಬರ. ಆಗ ನಾವು ಔರಾದಿನಲ್ಲಿದ್ದೆವು. ಒಂದು ಮಧ್ಯಾಹ್ನ ಅವ್ವ ಇದ್ದ ಹಿಟ್ಟನ್ನೆಲ್ಲ ನಾದಿ ಆರು ರೊಟ್ಟಿ ಬಡಿದಿದ್ದಳು. ಕಂಕುಳಲ್ಲಿ ಕೂಸು ಹೊತ್ತ ಹೆಣ್ಣುಮಗಳೊಬ್ಬಳು ನೀರು ಕೇಳಿದಳು. ನೀರಷ್ಟೇ! ಅವ್ವ ಅವಳ ಮುಖ ನೋಡಿದಳು. ಒಳಗೆ ಬಂದು ಎರಡು ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಇಟ್ಟು, “ಕುಂತು ಉಣ್ಣವ್ವಾ, ನಿಂತು ಉಣಬಾರದು” ಅಂದಳು. ನಾನು ಮುಖ ಊದಿಸಿಕೊಂಡೆ. “ಇದ್ದದ್ದು ಹಂಚಿ ಉಣ್ಣೋಣು. ನಾಳಿಂದು ಅವ ನೋಡ್ತಾನ” ಅಂದಳು ಅವ್ವ.

ಮರುದಿನ ಪವಾಡವೇನೂ ಆಗಲಿಲ್ಲ. ಅಂಬಲಿ ಕುಡಿದು ಮಲಗಿದೆವು. ಅದರ ಮರುದಿನ ಎದುರುಮನೆಯ ಕಾಕು ಮೊರದಲ್ಲಿ ಜೋಳ ತಂದು ಸುರಿದರು. “ನಿನ್ನಿ ನಿಮ್ಮ ಮನ್ಯಾಗ ರೊಟ್ಟಿ ಬಡಿಯೂ ಸಪ್ಪಳ ಕೇಳಲಿಲ್ಲ” ಎಂದಷ್ಟೇ ಹೇಳಿದರು.

ತಂಗೀ, ದೇವರು ಕೊಡುವ ರೀತಿ ನನಗೆ ತಿಳಿದದ್ದು ಅಂದೇ. ಅವನು ಮುಗಿಲಿನಿಂದ ಸುರಿಯುವುದಿಲ್ಲ. ಯಾರದೋ ಕೈಯಿಂದ ಕೊಡಿಸುತ್ತಾನೆ. ಒಂದು ದಿನ ಆ ಕೈ ಕಾಕುವಿನದು, ಒಂದು ದಿನ ನಮ್ಮದು.

ನಮ್ಮ ಜಿಲ್ಲೆಯ ಮಣ್ಣಿಗೇ ಈ ಗುಣವಿದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಆಯ್ದಕ್ಕಿ ಮಾರಯ್ಯ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ, ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಎಂದು ಕಳಿಸಿದಳಂತೆ. ನಾಳೆಯ ಭಯಕ್ಕೆ ಕೂಡಿಡದೆ ಅಂದಂದಿನ ದುಡಿಮೆಯಲ್ಲೇ ದಾಸೋಹ ನಡೆಸಿದ ಗೃಹಿಣಿ ಅವಳು.

ನಿನ್ನೂರಿನ ಹಿರೇಮಠವನ್ನೇ ನೋಡು. 1999ರಲ್ಲಿ ಲಿಂಗೈಕ್ಯರಾದ ಡಾ. ಚನ್ನಬಸವ ಪಟ್ಟದ್ದೇವರು, ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದವರು. ಬಡಮಕ್ಕಳ ಅನ್ನಕ್ಕಾಗಿ ಭಕ್ತರ ಮುಂದೆ ಜೋಳಿಗೆ ಒಡ್ಡಿದರು. ಆ ಜೋಳಿಗೆ ತುಂಬಿದ್ದು ನಮ್ಮಂಥವರ ಅಡುಗೆಮನೆಯಿಂದಲೇ ಅಲ್ಲವೇ? ಬೀದರಿನ ಗುರುನಾನಕ ಝೀರಾಕ್ಕೆ ಹೋದರೆ ಲಂಗರಿನಲ್ಲಿ ಕುಳಿತು ನೋಡು. ಜಾತಿ, ಊರು ಕೇಳದೆ ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಬಡಿಸುತ್ತಾರೆ. ಕೊಡುವವರಿಗೆ ದೊಡ್ಡಸ್ತಿಕೆ ಇಲ್ಲ, ಉಣ್ಣುವವರಿಗೆ ನಾಚಿಕೆ ಇಲ್ಲ.

ಆದರೆ ಒಂದು ಮಾತು. ಮಕ್ಕಳ ಬಾಯಿ ಕಟ್ಟಿ, ಸಾಲ ತಂದು ಕೊಡಬೇಡ. ಅದು ದೇವರನ್ನು ಪರೀಕ್ಷೆ ಮಾಡಿದಂತೆ. ಹಳಸಿದ್ದು, ನಮಗೆ ಬೇಡಾದದ್ದು ಕೊಟ್ಟು ಪುಣ್ಯದ ಲೆಕ್ಕ ಬರೆಯಲೂ ಬೇಡ. ಹೀಗೆ ಮಾಡಿ ನೋಡು: ದಿನಾ ಹಿಟ್ಟು ನಾದುವ ಮುಂಚೆ ಒಂದು ಹಿಡಿ ತೆಗೆದು ಬೇರೆ ಡಬ್ಬಿಯಲ್ಲಿಡು. ಎರಡು ದಿನಕ್ಕೊಮ್ಮೆ ಒಬ್ಬರಿಗೆ ರೊಟ್ಟಿಯಾಗುತ್ತದೆ. ಹಿಡಿ ಹಿಟ್ಟೂ ಇಲ್ಲದ ದಿನ ಒಂದು ತಂಬಿಗೆ ತಣ್ಣೀರು, “ಕುಂದರ್ರಿ” ಎಂಬ ಒಂದು ಮಾತು ಸಾಕು. ಅವ್ವನ ರೊಟ್ಟಿಗಿಂತ ಆ ಹೆಣ್ಣುಮಗಳ ಕಣ್ಣು ತುಂಬಿಸಿದ್ದು “ಕುಂತು ಉಣ್ಣವ್ವಾ” ಎಂಬ ಮಾತೇ. ನಾನು ಅದನ್ನು ಕಣ್ಣಾರೆ ಕಂಡಿದ್ದೇನೆ.

ಇನ್ನೂ ಒಂದು ಕೆಲಸ ಉಳಿದಿದೆ, ಅದಕ್ಕೆ ಕಾಸೂ ಬೇಡ, ಕಾಳೂ ಬೇಡ. ನಾಳೆ ಬೆಳಿಗ್ಗೆ ನಿನ್ನ ಒಲೆ ಹೊತ್ತಿಸಿದ ಮೇಲೆ ಒಂದು ಗಳಿಗೆ ಸುಮ್ಮನೆ ನಿಲ್ಲು. ಎದುರುಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿದೆಯೇ?

ನಿಮ್ಮ ಪ್ರೀತಿಯ,
ಅಕ್ಕ