ಉಪ್ಪಾಗೆಯ ಹುಳಿಯೂ ಪಿಎಚ್.ಡಿ. ಅರ್ಜಿಯೂ

ಶಿರಸಿಯಲ್ಲಿ ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿದವನು ನಾನು. ಸುಣ್ಣ, ಮೈಲುತುತ್ತುಗಳ ಸಮೀಕರಣ ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ನನ್ನ ಹುಡುಗರ ಅಪ್ಪಂದಿರು ಅವೆರಡನ್ನೇ ಕಲಸಿ ಅಡಿಕೆ ಕೊನೆಗೆ ಕೊಳೆ ಔಷಧ ಹೊಡೆಯುತ್ತಿದ್ದರು. ದ್ರಾವಣದಲ್ಲಿ ಕತ್ತಿಯ ಅಲಗು ಅದ್ದಿ, ಕೆಂಪಡರಿದರೆ ಸುಣ್ಣ ಸಾಲದು ಎನ್ನುವ ಸಿದ್ದಾಪುರದ ತೋಟಿಗನಿಗೆ ರಸಾಯನಶಾಸ್ತ್ರ ಬಾರದೆಂದು ಯಾರಾದರೂ ಹೇಳಲಿ, ನೋಡೋಣ. ಆದರೆ ಪಿಎಚ್.ಡಿ. ಅರ್ಜಿಯಲ್ಲಿ ಈ ವಿದ್ಯೆಗೆ ಕಾಲಂ ಇಲ್ಲ.

ನಾನು ಅರ್ಜಿಯಲ್ಲಿ ಬರೆದ ವಿಷಯ ಇಷ್ಟೆ: ತಲೆಮಾರುಗಳಿಂದ ಸಿಂಪಡಿಸಿದ ತಾಮ್ರ ನಮ್ಮ ತೋಟದ ಮಣ್ಣಿನಲ್ಲಿ ಯಾವ ರೂಪದಲ್ಲಿ ಕೂತಿದೆ? ಸಂದರ್ಶನಕ್ಕೆ ಕುಳಿತ ಹಿರಿಯರೊಬ್ಬರು ಕಾಗದ ಮಡಚಿಟ್ಟು, "ಇದು ಕೃಷಿಯವರ ವಿಷಯ. ನಮ್ಮಲ್ಲಿ ಸಂಕೀರ್ಣ ಸಂಯುಕ್ತಗಳ ಮೇಲೆ ಒಂದು ಸೀಟು ಇದೆ, ಬರ್ತೀರಾ?" ಎಂದರು, ಥೇಟ್ ಬಸ್ಸಿನ ಕಂಡಕ್ಟರರ ಹಾಗೆ. ಆರು ವರ್ಷ ಶನಿವಾರ ರಾತ್ರಿ ಬಸ್ಸು, ಸೋಮವಾರ ಬೆಳಿಗ್ಗೆ ಪಾಠ. ಹೆಸರಿಗೆ ಡಾ. ಅಂಟಿತು, ಬಡ್ತಿಯೂ ಬಂತು. ಆ ಸಂಯುಕ್ತಗಳನ್ನು ಆಮೇಲೆ ಒಬ್ಬರೂ ಕೇಳಿಲ್ಲ.

ವಿಜ್ಞಾನಕ್ಕೆ ಊರು ಕೇರಿ ಇಲ್ಲ ಎನ್ನುವವರಿದ್ದಾರೆ. ಅವರು ನಮ್ಮ ಕಾಡಿನ ಉಪ್ಪಾಗೆಯನ್ನು ನೋಡಲಿ. (ಬೀಜದ ತುಪ್ಪದ ರುಚಿ ಬಲ್ಲವರಿಗೆ ಬೇರೆ ಹೇಳಬೇಕಿಲ್ಲ.) ಅದರ ಹುಳಿ ಟಾರ್ಟಾರಿಕ್, ಸಿಟ್ರಿಕ್ ಆಮ್ಲಗಳದ್ದೆಂದು ನಂಬಿದ್ದ ಕಾಲದಲ್ಲಿ, ಅಲ್ಲ, ಮುಖ್ಯವಾಗಿ ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು 1965ರಲ್ಲಿ ಪ್ರಕಟಿಸಿದವರು ಮೈಸೂರಿನ ಸಿ.ಎಫ್.ಟಿ.ಆರ್.ಐ.ನ ಲೂಯಿಸ್ ಮತ್ತು ನೀಲಕಂಠನ್. 1990ರ ದಶಕದಲ್ಲಿ ಅದು ಬೊಜ್ಜು ಕರಗಿಸುತ್ತದೆಂದು ವಿದೇಶದಲ್ಲಿ ಗುಲ್ಲೆದ್ದಿತು. ಇಲ್ಲಿ ಕಾಯಿಗಾಗಿ ಟೊಂಗೆಗಳನ್ನೇ ಕಡಿದರು, ಸಿಪ್ಪೆ ಒಣಗಿಸಲು ರಾಶಿ ಕಟ್ಟಿಗೆ ಸುಟ್ಟರು. 1998ರಲ್ಲಿ ಅಮೆರಿಕದ ವೈದ್ಯರು 135 ಜನರ ಮೇಲೆ 12 ವಾರ ಪ್ರಯೋಗ ನಡೆಸಿ, ಹುಸಿ ಮಾತ್ರೆಗಿಂತ ಇದರಲ್ಲಿ ಹೆಚ್ಚಿನ ಗುಣವೇನೂ ಕಾಣದು ಎಂದರು. ಮರ ನಮ್ಮದು, ಹುಳಿ ನಮ್ಮದು. ಪ್ರಶ್ನೆ ಮಾತ್ರ ಬೇರೆಯವರದು.

ಈಗಿನ ನಿಯಮಗಳೂ ಇದನ್ನು ಸರಿಪಡಿಸಿಲ್ಲ. ಯುಜಿಸಿಯ 2022ರ ನಿಯಮದಂತೆ ಪ್ರೊಫೆಸರರಿಗೆ 8, ಸಹ ಪ್ರಾಧ್ಯಾಪಕರಿಗೆ 6, ಸಹಾಯಕ ಪ್ರಾಧ್ಯಾಪಕರಿಗೆ 4 ವಿದ್ಯಾರ್ಥಿಗಳು. ಯಾರ ಬಳಿ ಜಾಗ ಖಾಲಿಯೋ ಅವರ ವಿಷಯವೇ ನಿಮ್ಮ ವಿಷಯ. ನೌಕರಿಯಲ್ಲಿದ್ದು ಓದುವವನಿಗೆ ಮೇಲೊಂದು ನಿರಾಕ್ಷೇಪಣಾ ಪತ್ರ. 2023ರಿಂದ ಸಹಾಯಕ ಪ್ರಾಧ್ಯಾಪಕನಾಗಲು ಪಿಎಚ್.ಡಿ. ಬೇಡ, ಪ್ರೊಫೆಸರ್ ಆಗಲು ಬೇಕು. ಹಾಗಾದ ಮೇಲೆ ಅದು ಸಂಶೋಧನೆಯೋ, ಏಣಿಯೋ?

ಮೊನ್ನೆ ಯಲ್ಲಾಪುರದ ಕಡೆಯ ಹುಡುಗಿಯೊಬ್ಬಳು ಶಿಫಾರಸು ಪತ್ರಕ್ಕೆ ಬಂದಿದ್ದಳು. "ಸರ್, ವಿಷಯ ಎಂತ ಬರೀಲಿ? ಗೈಡ್ ಯಾರು ಸಿಗ್ತಾರೆ ಅಂತ ಗೊತ್ತಾಗದೆ ಬರೆಯೂದು ಹೇಗೆ?" ಎಂದಳು. ಅವಳ ಮನಸ್ಸಿನಲ್ಲಿದ್ದದ್ದು ಮುರುಗಲು ಸಿಪ್ಪೆಯ ಕೆಂಪು. ಅದನ್ನೇ ಬರೆ ಎಂದೆ.

ಅರ್ಹ ಮಾರ್ಗದರ್ಶಕರೂ ಪ್ರಯೋಗಾಲಯವೂ ಇದ್ದರೆ ಸ್ನಾತಕೋತ್ತರ ತರಗತಿಯಿರುವ ಕಾಲೇಜಿನಲ್ಲೇ ಪಿಎಚ್.ಡಿ. ನಡೆಸಲು ಅದೇ 2022ರ ನಿಯಮ ಬಾಗಿಲು ತೆರೆದಿದೆ. ಆಡಳಿತ ಮಂಡಳಿಯ ಮಹಾಶಯರು ಸಭಾಭವನಕ್ಕೆ ಹೊಸ ಕಮಾನು ಕಟ್ಟಿಸುವ ದುಡ್ಡಿನಲ್ಲಿ, ಮಣ್ಣಿನ ತಾಮ್ರ ಅಳೆಯುವ ಒಂದು ಯಂತ್ರ ತರಿಸಲಿ. ಮಣ್ಣು ತಂದುಕೊಡುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ.